ಲುದೊವಿಕೊ ಮನಿನ್ ಮತ್ತು ವೆನಿಸ್ ಗಣರಾಜ್ಯದ ಕೊನೆಯ ಎಂಟು ವರ್ಷ

ವೆನಿಸ್ ಗಣರಾಜ್ಯ ಹೋರಾಡದೆಯೇ ಏಕೆ ಕುಸಿಯಿತು ಎಂಬ ಪ್ರಶ್ನೆ ಎದ್ದಾಗಲೆಲ್ಲ ಬೆರಳು ಅದರ ಕಡೆಯ ಡೋಜ್, ಅಂದರೆ ಗಣರಾಜ್ಯದ ಚುನಾಯಿತ ಮುಖ್ಯಸ್ಥ, ಲುದೊವಿಕೊ ಮನಿನ್ ಕಡೆಗೆ ತಿರುಗುತ್ತದೆ. ಆತ ಧೀರನೇನೂ ಆಗಿರಲಿಲ್ಲ, ನಿಜ. ಆದರೆ ಆತ ಕುಳಿತ ಪೀಠ ಎಂಥದ್ದೆಂದು ಮೊದಲು ನೋಡಬೇಕು.

ಐತಿಹ್ಯದಂತೆ 697ರಲ್ಲಿ ಆರಂಭವಾದ ಡೋಜ್ ಪದವಿಯನ್ನು, ಅದು ಎಲ್ಲಿ ಅರಸೊತ್ತಿಗೆಯಾಗಿಬಿಡುವುದೋ ಎಂಬ ಅಂಜಿಕೆಯಿಂದ, ಕುಲೀನ ಮನೆತನಗಳು ಶತಮಾನಗಳುದ್ದಕ್ಕೂ ಕಟ್ಟಿಹಾಕುತ್ತಲೇ ಬಂದವು. ಚೀಟಿ ಎತ್ತುವುದನ್ನೂ ಮತ ಹಾಕುವುದನ್ನೂ ಹಲವು ಸುತ್ತು ಹೆಣೆದ ಆಯ್ಕೆಯ ಕ್ರಮ 1268ರಲ್ಲಿ ಬಂತು. ಗೆದ್ದವನು ಸಾಯುವತನಕ ಡೋಜ್ ಆಗಿರುತ್ತಿದ್ದನಾದರೂ ಸಲಹೆಗಾರರು ಎದುರಿಗಿಲ್ಲದೆ ರಾಜ್ಯದ ಪತ್ರ ಒಡೆಯುವಂತಿರಲಿಲ್ಲ, ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ.

ಮನಿನ್ ಮನೆತನ ವೆನಿಸ್‌ನ ಈಶಾನ್ಯಕ್ಕಿರುವ ಫ್ರಿಯೂಲಿ ಸೀಮೆಯದು. ಕ್ರೀಟ್ ದ್ವೀಪಕ್ಕಾಗಿ ತುರ್ಕರೊಡನೆ ನಡೆದ ಯುದ್ಧದ ಖರ್ಚಿಗೆ 1651ರಲ್ಲಿ 1,00,000 ಡುಕಾಟ್ ತೆತ್ತು ಕುಲೀನರ ಪಟ್ಟಿ ಸೇರಿದ್ದರಿಂದ, ಹಳೆಯ ಮನೆತನಗಳ ಕಣ್ಣಿಗೆ ಅವರು ನಿನ್ನೆ ಮೊನ್ನೆ ಬಂದವರು. ಹಿಂದಿನ ಡೋಜ್ ಪಾವೊಲೊ ರೆನಿಯರ್ 1789ರ ಫೆಬ್ರುವರಿಯಲ್ಲಿ ತೀರಿಕೊಂಡಾಗ, ಕಾರ್ನಿವಲ್ ಸಂಭ್ರಮ ಕೆಡದಿರಲೆಂದು ಸಾವಿನ ಸುದ್ದಿಯನ್ನೇ ಮುಚ್ಚಿಟ್ಟಿದ್ದರು! ಮಾರ್ಚ್ 9ರಂದು ಮನಿನ್ ಆಯ್ಕೆಯಾದಾಗ ಒಬ್ಬ ಹಳೆಯ ಕುಲೀನ, "ಫ್ರಿಯೂಲಿಯವನನ್ನು ಡೋಜ್ ಮಾಡಿದರು, ಗಣರಾಜ್ಯ ಸತ್ತಿತು" ಎಂದನಂತೆ.

ಫ್ರಾನ್ಸ್ ಮತ್ತು ಆಸ್ಟ್ರಿಯಾ ಕಾದಾಡುತ್ತಿದ್ದಾಗ ವೆನಿಸ್ ಸೇನೆಯನ್ನು ಸಜ್ಜುಗೊಳಿಸದೆಯೇ ತಟಸ್ಥವಾಗಿ ಉಳಿಯಲು ಹೊರಟಿತು. ಅದು ಡೋಜ್ ಒಬ್ಬನ ತೀರ್ಮಾನವಲ್ಲ, ಸೆನೆಟ್‌ನ ನೀತಿ. 1797ರ ಏಪ್ರಿಲ್‌ನಲ್ಲಿ ವೆನಿಸ್ ಆಳ್ವಿಕೆಗೆ ಸೇರಿದ್ದ ವೆರೋನಾದ ಜನ ಫ್ರೆಂಚ್ ಪಡೆಯ ಮೇಲೆ ಬಿದ್ದರು. ಅದರ ಬೆನ್ನಿಗೇ ವೆನಿಸ್‌ನ ಸಮುದ್ರದ ಬಾಗಿಲಲ್ಲಿರುವ ಲಿಡೊ ಕೋಟೆಯಿಂದ ಹಾರಿದ ಗುಂಡುಗಳಿಗೆ ಫ್ರೆಂಚ್ ಹಡಗೊಂದರ ನಾಯಕ ಬಲಿಯಾದ. ಇಟಲಿಯಲ್ಲಿದ್ದ ಫ್ರೆಂಚ್ ಸೇನೆಯ ದಂಡನಾಯಕ ನೆಪೋಲಿಯನ್‌ಗೆ ವೆನಿಸ್ ಮೇಲೆ ಬೀಳಲು ಬೇಕಾಗಿದ್ದ ನೆಪ ಸಿಕ್ಕಿತು. ಏಪ್ರಿಲ್ 30ರ ರಾತ್ರಿ ತನ್ನ ಕೋಣೆಯಲ್ಲಿ ಸೇರಿದ್ದವರ ಎದುರು ಶತಪಥ ತಿರುಗುತ್ತ ಮನಿನ್ ಆಡಿದ ಮಾತು ಪ್ರಸಿದ್ಧವಾಗಿದೆ: "ಇವತ್ತು ರಾತ್ರಿ ನಮ್ಮ ಹಾಸಿಗೆಯಲ್ಲೂ ನಾವು ಸುರಕ್ಷಿತರಲ್ಲ."

ಮೇ 12ರಂದು ಕುಲೀನರ ಮಹಾಸಭೆಗೆ ಬಂದವರು 537 ಮಂದಿ. ಕೋರಂಗೆ 600 ಜನ ಬೇಕಿತ್ತು. ನಡುಗುವ ದನಿಯಲ್ಲಿ ಮನಿನ್ ಅಧಿಕಾರ ತ್ಯಾಗದ ಸೂಚನೆ ಮಂಡಿಸಿದ ಮೇಲೆ, ಊರಿಂದ ಹೊರಡುತ್ತಿದ್ದ, ಏಡ್ರಿಯಾಟಿಕ್ ಸಮುದ್ರದಾಚೆಯ ದಾಲ್ಮೇಷಿಯಾದ ಸೈನಿಕರು ವಂದನೆಗೆಂದು ಹಾರಿಸಿದ ಗುಂಡಿನ ಸದ್ದನ್ನು ದಂಗೆಯೆಂದೇ ಭಾವಿಸಿದ ಸದಸ್ಯರು ಅವಸರದಲ್ಲಿ ಮತ ಹಾಕಿ ಬಾಗಿಲ ಕಡೆಗೆ ನುಗ್ಗಿದರು. ಪರವಾಗಿ ಬಿದ್ದ ಮತ 512. ಕೋಣೆಗೆ ಮರಳಿದ ಮನಿನ್, ಡೋಜ್ ಕಿರೀಟದ ಒಳಗೆ ತೊಡುತ್ತಿದ್ದ ಬಿಳಿ ನಾರುಬಟ್ಟೆಯ ಟೊಪ್ಪಿಗೆಯ ದಾರ ಬಿಚ್ಚಿ ಸೇವಕನ ಕೈಗಿತ್ತು, "ತಗೋ, ಇನ್ನು ಇದು ನನಗೆ ಬೇಕಾಗಲ್ಲ" ಎಂದನೆಂದು ಹೇಳುತ್ತಾರೆ.

ಹೊಸ ಆಡಳಿತದ ಮುಖ್ಯಸ್ಥನಾಗಲು ಆತ ಒಪ್ಪಲಿಲ್ಲ. ವೆನಿಸ್ಸನ್ನು ಆಸ್ಟ್ರಿಯಾಕ್ಕೆ ಒಪ್ಪಿಸಿದ ಅಕ್ಟೋಬರ್ 17ರ ಕಾಂಪೊ ಫಾರ್ಮಿಯೊ ಒಪ್ಪಂದಕ್ಕೆ ಸಹಿ ಬಿದ್ದದ್ದು ಪಸ್ಸರಿಯಾನೊ ಎಂಬ ಹಳ್ಳಿಯ ದೊಡ್ಡ ಬಂಗಲೆಯಲ್ಲಿ. ಅದು ಮನಿನ್ ಮನೆತನದ್ದೇ. 1802ರಲ್ಲಿ ತೀರಿಕೊಂಡ ಆತನ ಸಮಾಧಿ ಸ್ಕಾಲ್ಜಿ ಚರ್ಚಿನಲ್ಲಿದೆ. ಕಲ್ಲಿನ ಮೇಲೆ ಡೋಜ್ ಎಂಬ ಬಿರುದಿಲ್ಲ. "ಮನಿನ್‌ನ ಬೂದಿ" ಎಂಬ ಅರ್ಥದ ಎರಡು ಲ್ಯಾಟಿನ್ ಪದಗಳಿವೆ.