ಆಡು ಮುಟ್ಟದ ಸೊಪ್ಪೂ ಇದೆ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ನಂಬಿ ಮೇಕೆ ಸಾಕಲು ಹೊರಟವರು ಅದನ್ನು ಬೇಗನೆ ತಿದ್ದಿಕೊಳ್ಳಬೇಕಾಗುತ್ತದೆ. ಮೇಕೆ ನೂರಾರು ಗಿಡಗಳಿಗೆ ಬಾಯಿ ಹಾಕುತ್ತದೆ ನಿಜ. ಆದರೆ ಎಳೆಯ ಕುಡಿಗಳನ್ನು ಆರಿಸಿ ತಿಂದು, ತುಳಿದು ಕೊಳೆಯಾದ ಮೇವನ್ನು ಮೂಸಿ ಬಿಟ್ಟುಬಿಡುತ್ತದೆ. ಕತ್ತೆತ್ತಿ ಪೊದೆಯ ಸೊಪ್ಪನ್ನು ಕೀಳುವುದು ಅದರ ಹುಟ್ಟುಗುಣ. ಜಂತುಹುಳುವಿನ ಮರಿಗಳು ಬಹುಪಾಲು ಹುಲ್ಲಿನ ಬುಡದ ಕೆಲವೇ ಸೆಂಟಿಮೀಟರುಗಳಲ್ಲಿ ಇರುವುದರಿಂದ, ಗಿಡ್ಡ ಹುಲ್ಲನ್ನೇ ಮೇಯಬೇಕಾದ ಮೇಕೆ ರಕ್ತ ಹೀರುವ ಹುಳುಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದು ತಿಳಿಯಬೇಕು.

ಇದು ಎಲ್ಲ ಮೇಕೆಗಳಿಗೂ ಅನ್ವಯಿಸುವ ಮಾತು. ಮಿಕ್ಕದ್ದನ್ನು ಸಾಕುವ ಉದ್ದೇಶವೇ ನಿರ್ಧರಿಸುತ್ತದೆ.

ಹಾಲು ಬೇಕೆಂದರೆ ಮೇಕೆ ಗಬ್ಬವಾಗಿ, ಸುಮಾರು 150 ದಿನಗಳ ನಂತರ ಈಯಬೇಕು. ಸ್ವಿಟ್ಜರ್ಲೆಂಡ್ ಮೂಲದ ಸಾನೆನ್‌ನಂತಹ ಹೈನು ತಳಿಗಳು ಹಗಲು ಕಿರಿದಾಗುವ ಕಾಲದಲ್ಲೇ ಹೆಚ್ಚಾಗಿ ಬೆದೆಗೆ ಬರುವುದರಿಂದ, ವರ್ಷವಿಡೀ ಹಾಲನ್ನು ನಿರೀಕ್ಷಿಸುವವರು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಕೊಂಬಿನ ಕಾಟ ತಪ್ಪಲೆಂದು ಹುಟ್ಟಾ ಬೋಳಾದ ಹೋತವನ್ನು ಬೋಳು ಹೆಣ್ಣಿಗೆ ಬಿಡುವುದು ಜಾಣತನವೆನಿಸಬಹುದು. ಆದರೆ ಬೋಳುತನದ ಜೀನ್ ಎರಡೂ ಕಡೆಯಿಂದ ಸೇರಿದ ಹೆಣ್ಣು ಮರಿಗಳು ಗಂಡಿನ ಲಕ್ಷಣ ಬೆರೆತು ಬಂಜೆಯಾಗುತ್ತವೆ. ಆದ್ದರಿಂದ ಜೋಡಿಯಲ್ಲಿ ಒಂದಕ್ಕಾದರೂ ಕೊಂಬು ಇರಬೇಕು.

ಮಾಂಸಕ್ಕಾದರೆ ಹಾಲಿನ ಪ್ರಮಾಣಕ್ಕಿಂತ ಅವಳಿ ಮರಿಗಳೂ ಅವುಗಳ ಬೆಳವಣಿಗೆಯೂ ಮುಖ್ಯ. ದಕ್ಷಿಣ ಆಫ್ರಿಕಾದ ಬೋಯರ್ ತಳಿ ಹೆಸರಾಗಿರುವುದು ಇದಕ್ಕೇ. ಬೇಗ ತೂಕ ಬರಲೆಂದು ಬೀಜ ಒಡೆದ ಗಂಡುಗಳಿಗೆ ಕಾಳನ್ನೇ ಸುರಿದರೆ, ಅದರಲ್ಲಿನ ಅತಿಯಾದ ರಂಜಕದಿಂದ ಮೂತ್ರನಾಳದಲ್ಲಿ ಕಲ್ಲು ಕಟ್ಟಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು.

ಕೂದಲಿಗೆ ಸಾಕುವ ಲೆಕ್ಕಾಚಾರವಂತೂ ತಲೆಕೆಳಗು. ಅಂಗೋರಾ ಮೇಕೆಯ ಕೂದಲಿಗೆ ಮೊಹೇರ್ ಎಂದು ಹೆಸರು (ಅಂಗೋರಾ ಉಣ್ಣೆ ಮೊಲದ್ದು, ಈ ಗೊಂದಲ ತೀರ ಸಾಮಾನ್ಯ). ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಬೆಳೆಯುವ ಇದನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸುತ್ತಾರೆ. ಪುಷ್ಕಳವಾಗಿ ಮೇವು ಹಾಕಿದರೆ ಕೂದಲು ಹೆಚ್ಚುತ್ತದೆ, ಜೊತೆಗೆ ದಪ್ಪವೂ ಆಗಿ ಬೆಲೆ ಕಳೆದುಕೊಳ್ಳುತ್ತದೆ. ಅತ್ಯುತ್ತಮ ನೂಲು ಸಿಗುವುದು ಎಳೆಯ ಮರಿಗಳಿಂದಲೇ. ಕ್ಯಾಶ್ಮೀರ್ ಎಂಬುದು ಚಳಿಗೆಂದು ಹೊರಗೂದಲಿನ ಅಡಿಯಲ್ಲಿ ಬೆಳೆಯುವ ನವಿರು ತುಪ್ಪಳ. ಚಳಿ ಕಳೆದು ಅದು ತಾನಾಗಿ ಸಡಿಲವಾದಾಗ ಬಾಚಿ ತೆಗೆಯುತ್ತಾರೆ. ಒಂದು ಮೇಕೆಯಿಂದ ವರ್ಷಕ್ಕೆ ದೊರೆಯುವುದು ಕೆಲವೇ ನೂರು ಗ್ರಾಂ.

ಪೊದೆ, ಕಳೆ ತೆಗೆಸಲೆಂದೇ ಮೇಕೆ ಸಾಕುವವರಿಗೆ ತಳಿಯ ಚಿಂತೆಗಿಂತ ಬೇಲಿಯ ಚಿಂತೆ ದೊಡ್ಡದು.