ಫರ್ಮಾನು ಹೊರಡಿಸುವವರ ಮನೆತನ

ಸರ್ಕಾರ, ದರ್ಬಾರು, ಖಜಾನೆ, ಜಮೀನು, ಫರ್ಮಾನು. ಕನ್ನಡದ ಕಚೇರಿಗಳಲ್ಲಿ ದಿನವೂ ಓಡಾಡುವ ಈ ಮಾತುಗಳೆಲ್ಲ ಫಾರಸಿಯಿಂದ ಬಂದವು. ಇರಾನಿನಲ್ಲಿ ‘ಫರ್ಮಾನ್‌ಫರ್ಮಾ’ ಎಂಬುದೊಂದು ಬಿರುದು. ಅಪ್ಪಣೆ ಕೊಡುವವನು ಎಂದು ಅದರ ಅರ್ಥ. ಈ ಬಿರುದಿನಿಂದಲೇ ಹೆಸರಾದ ರಾಜಕುಮಾರ ಅಬ್ದುಲ್ ಹುಸೇನ್ ಮಿರ್ಜಾ ಅವರ ಕಾಲಕ್ಕೆ ಇರಾನಿನ ದೊರೆಯ ಅಪ್ಪಣೆ ನಡೆಯುವ ಊರುಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದವು.

ಆ ಕುಸಿತ ಶುರುವಾದದ್ದು ಅವರ ತಾತನ ಕಾಲದಲ್ಲಿ. ಆಗ ಇರಾನನ್ನು ಆಳುತ್ತಿದ್ದ ಕಾಜಾರ್ ವಂಶದ ಯುವರಾಜ ಅಬ್ಬಾಸ್ ಮಿರ್ಜಾ ರಷ್ಯಾದೊಡನೆ ಹೋರಾಡಿ ಸೋತ. 1828ರ ತುರ್ಕಮಾನ್‌ಚಾಯ್ ಒಪ್ಪಂದದಲ್ಲಿ ಯೆರೆವಾನ್, ನಖ್‌ಚೆವಾನ್ ಸೀಮೆಗಳು ಕೈಬಿಟ್ಟವು. ಜೊತೆಗೆ 2 ಕೋಟಿ ರೂಬಲ್ ದಂಡ. ಅಲ್ಲಿಂದಾಚೆ ಇರಾನಿನ ಅರಮನೆ ಉತ್ತರದಲ್ಲಿ ರಷ್ಯಾದ ಮುಖ, ದಕ್ಷಿಣದಲ್ಲಿ ಬ್ರಿಟನ್ನಿನ ಮುಖ ನೋಡಿಕೊಂಡೇ ಬದುಕಬೇಕಾಯಿತು. 1907ರಲ್ಲಿ ಇಬ್ಬರೂ ಕುಳಿತು ಇರಾನನ್ನು ಪ್ರಭಾವ ವಲಯಗಳಾಗಿ ಹಂಚಿಕೊಂಡಾಗ ಇರಾನಿನವರನ್ನು ಒಂದು ಮಾತೂ ಕೇಳಲಿಲ್ಲ.

ಇಂಥ ರಾಜ್ಯದಲ್ಲಿ ಫರ್ಮಾನ್‌ಫರ್ಮಾ ಮೇಲೇರಿದರು. ದೊರೆ ಮುಜಫ್ಫರುದ್ದೀನ್ ಶಾನ ಮಗಳನ್ನು ಮದುವೆಯಾದರು, ಪ್ರಾಂತಗಳ ಆಡಳಿತ ನೋಡಿದರು, ಮಂತ್ರಿಯಾದರು. 1915ರ ಕೊನೆಯಲ್ಲಿ ಪ್ರಧಾನಿಯೂ ಆದರು. ಆಗ ಮಹಾಯುದ್ಧ ನಡೆಯುತ್ತಿತ್ತು. ಇರಾನ್ ತಟಸ್ಥವೆಂದು ಸಾರಿಕೊಂಡಿದ್ದರೂ ಪರದೇಶದ ಸೇನೆಗಳು ಅದರ ನೆಲವನ್ನು ತುಳಿಯುತ್ತಲೇ ಇದ್ದವು. ಅವರ ಮಂತ್ರಿಮಂಡಲ ಮೂರು ತಿಂಗಳೊಳಗೆ ಮುಗಿಯಿತು. ಮುಂದೆ ಫಾರ್ಸ್ ಪ್ರಾಂತದ ಅಧಿಕಾರಿಯಾಗಿ ಶಿರಾಜ್‌ಗೆ ಹೋದರು. ಅಲ್ಲಿ ಅವರ ಬೆನ್ನಿಗಿದ್ದದ್ದು ಬ್ರಿಟಿಷರು ಕಟ್ಟಿದ ಸೌತ್ ಪರ್ಷಿಯಾ ರೈಫಲ್ಸ್ ಪಡೆ ಮತ್ತು ಭಾರತದಿಂದ ಕಳುಹಿಸಿದ ಸಿಪಾಯಿಗಳು. ತನ್ನ ದೇಶದ ಒಂದು ಪ್ರಾಂತವನ್ನು ಆಳಲು ಪರರ ಬಂದೂಕು ಬೇಕಾದ ಮೇಲೆ ಆ ಅಧಿಕಾರವನ್ನು ತನ್ನದು ಎನ್ನುವುದು ಕಷ್ಟ. ಅವರು ಬ್ರಿಟಿಷರನ್ನು ನೆಚ್ಚಿದ್ದನ್ನು ನಾನು ಸಮರ್ಥಿಸಲಾರೆ. ಆದರೆ ಸಂಬಳ ಕೊಡಲೂ ಹಣವಿಲ್ಲದ ಸರ್ಕಾರದಲ್ಲಿ ಅವರ ಮುಂದಿದ್ದ ದಾರಿಗಳು ಕಿರಿದಾಗಿದ್ದವು ಎಂಬುದನ್ನೂ ಮರೆಯಲಾರೆ.

ಹಿರಿಯ ಮಗ ಫಿರೂಜ್ ವಿದೇಶಾಂಗ ಮಂತ್ರಿಯಾದರು. 1919ರ ಆಗಸ್ಟಿನಲ್ಲಿ ಇರಾನಿನ ಸೇನೆ ಮತ್ತು ಹಣಕಾಸಿನ ಮೇಲೆ ಬ್ರಿಟಿಷ್ ಸಲಹೆಗಾರರನ್ನು ಕೂರಿಸುವ ಒಪ್ಪಂದ ಆಯಿತು. ಅದನ್ನು ಮಾಡಿಸಿದ ಮೂವರಲ್ಲಿ ಅವರೂ ಒಬ್ಬರು. ಆ ಮೂವರಿಗೆ ಬ್ರಿಟಿಷರು ಗುಟ್ಟಾಗಿ ಕೊಟ್ಟದ್ದು ಇರಾನಿನ ನಾಣ್ಯದಲ್ಲಿ 4 ಲಕ್ಷ ತೊಮಾನ್. ವಿಷಯ ಹೊರಬಿದ್ದ ಮೇಲೆ ಆ ಕಳಂಕ ಮನೆತನಕ್ಕೆ ಅಂಟಿಕೊಂಡಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಫಿರೂಜ್ ಸೋಂಕುರೋಗಗಳನ್ನೂ ಲಸಿಕೆಗಳನ್ನೂ ಕುರಿತು ಕೆಲಸ ಮಾಡುವ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋಗಿ, ತೆಹ್ರಾನಿನಲ್ಲೂ ಅಂಥದ್ದೊಂದು ಬೇಕೆಂದು ಕೇಳಿಕೊಂಡರು. ಕಾಲರಾ, ಸಿಡುಬು, 1918ರ ಇನ್ಫ್ಲುಯೆಂಜಾ ಇವೆಲ್ಲ ಇರಾನನ್ನು ಹಿಂಡಿಹಾಕಿದ್ದ ಕಾಲ ಅದು. ಪ್ಯಾರಿಸ್ಸಿನವರು ಒಪ್ಪಿದರು. ಸಂಸ್ಥೆಗೆ ನೆಲೆ ಬೇಕಾದಾಗ ಫರ್ಮಾನ್‌ಫರ್ಮಾ ತಮ್ಮ ಜಮೀನು ಬಿಟ್ಟುಕೊಟ್ಟು ಕಟ್ಟಡಕ್ಕೆ ಹಣವನ್ನೂ ಕೊಟ್ಟರು.

ಅಷ್ಟರಲ್ಲಿ ರಾಜ್ಯವೇ ಕೈತಪ್ಪುತ್ತಿತ್ತು. 1921ರ ಫೆಬ್ರವರಿಯಲ್ಲಿ ರಷ್ಯದ ಮಾದರಿಯಲ್ಲಿ ಕಟ್ಟಿದ್ದ ಇರಾನಿನದೇ ಕೊಸಾಕ್ ಪಡೆ ರಾಜಧಾನಿಯನ್ನು ಹಿಡಿದಾಗ ಫರ್ಮಾನ್‌ಫರ್ಮಾ ಮಕ್ಕಳೊಂದಿಗೆ ಸೆರೆಯಾದರು. ಆ ಪಡೆಯ ನಾಯಕ ರೆಜಾ ಖಾನ್ ಹಿಂದೊಮ್ಮೆ ಅವರ ಕೈಕೆಳಗೆ ಮೆಷಿನ್‌ಗನ್ ನಡೆಸುತ್ತಿದ್ದ ಸೈನಿಕ. ಮೂರು ತಿಂಗಳ ನಂತರ ಬಿಡುಗಡೆಯಾಯಿತು. 1925ರಲ್ಲಿ ಕಾಜಾರ್ ದೊರೆತನ ಕೊನೆಗೊಂಡು ರೆಜಾ ಖಾನ್ ತಾನೇ ಶಾ ಆದ. ಫಿರೂಜ್ ಅವನ ಹಣಕಾಸು ಮಂತ್ರಿಯಾಗಿ ಕೆಲಕಾಲ ಮೆರೆದು, 1929ರಲ್ಲಿ ಬಂಧಿತರಾಗಿ, 1938ರಲ್ಲಿ ಸೆಮ್ನಾನ್ ಊರಿನಲ್ಲಿ ಬಂಧನದಲ್ಲಿದ್ದಾಗಲೇ ಕೊಲೆಯಾದರು. ಮಗನ ಸಾವನ್ನು ಕಂಡ ಮುದಿ ತಂದೆ ಮರುವರ್ಷ, 1939ರಲ್ಲಿ ತೀರಿಕೊಂಡರು.

ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದ ಮನೆ ಅದು. ಗಂಡು ಹೆಣ್ಣೆನ್ನದೆ ಮಕ್ಕಳನ್ನು ಓದಿಸಿದರು. ಮಗಳು ಸತ್ತಾರೆ 1958ರಲ್ಲಿ ತೆಹ್ರಾನಿನಲ್ಲಿ ಸಮಾಜಕಾರ್ಯದ ಶಾಲೆ ಕಟ್ಟಿದರು. ಇನ್ನೊಬ್ಬ ಮಗಳು ಮರಿಯಂ ಕಮ್ಯುನಿಸ್ಟರ ತೂದೆ ಪಕ್ಷದ ನಾಯಕಿಯಾದರು. ಎಣ್ಣೆಯನ್ನು ರಾಷ್ಟ್ರೀಕರಿಸಿ ಬ್ರಿಟಿಷರನ್ನು ಎದುರುಹಾಕಿಕೊಂಡ ಪ್ರಧಾನಿ ಮೊಸಾದೆಗ್ ಅವರೂ ಹೊರಗಿನವರಲ್ಲ, ಫರ್ಮಾನ್‌ಫರ್ಮಾ ಅವರ ಸೋದರಿಯ ಮಗ.

ಪಾಶ್ಚರ್ ಸಂಸ್ಥೆ ಈಗಲೂ ಇದೆ. 1954ರ ಆಗಸ್ಟಿನಲ್ಲಿ ಇರಾನಿನ ಒಂದು ಹಳ್ಳಿಗೆ ರೇಬಿಸ್ ತಗುಲಿದ ತೋಳ ನುಗ್ಗಿ 29 ಜನರನ್ನು ಕಚ್ಚಿತು. ತಲೆಗೆ ಗಾಯವಾದವರೇ 18 ಮಂದಿ. ಸಂಸ್ಥೆಯ ವೈದ್ಯರು ಅವರಲ್ಲಿ 13 ಮಂದಿಗೆ ಲಸಿಕೆಯ ಜೊತೆ ರೇಬಿಸ್ ವೈರಸ್ಸನ್ನು ಎದುರಿಸುವ ಸಿದ್ಧ ಪ್ರತಿಕಾಯಗಳಿರುವ ಸೀರಮ್ಮನ್ನೂ ಕೊಟ್ಟರು. ಲಸಿಕೆ ಮಾತ್ರ ಪಡೆದ ಐವರಲ್ಲಿ ಮೂವರು ಸತ್ತರು. ಸೀರಮ್ ಪಡೆದವರಲ್ಲಿ ಸತ್ತದ್ದು ಒಬ್ಬರೇ. ತಲೆಬುರುಡೆಯೇ ಒಡೆದಿದ್ದ ಒಬ್ಬ ಪುಟ್ಟ ಹುಡುಗ ಬದುಕಿಕೊಂಡ. ಇಂದು ನಮ್ಮೂರಿನಲ್ಲಿ ನಾಯಿ ಆಳವಾಗಿ ಕಚ್ಚಿದರೆ ಆಸ್ಪತ್ರೆಯವರು ತೋಳಿಗೆ ಲಸಿಕೆ ಹಾಕಿ, ಗಾಯದ ಸುತ್ತ ಇನ್ನೊಂದು ಸೂಜಿ ಚುಚ್ಚುತ್ತಾರಲ್ಲ, ಆ ಎರಡನೆಯ ಸೂಜಿಗೆ ಆಧಾರವಾಗಿ ನಿಂತ ಪ್ರಯೋಗ ಇದು.