ಹೈಸ್ಕೂಲ್ ಎಚ್‌ಎಂ ಮತ್ತು ಮಕ್ಕಳ ಕಲಿಕೆ: ಪ್ರಭಾವ ಯಾವ ದಾರೀಲಿ ಬರುತ್ತೆ?

ಶಾಲಾ ನಾಯಕತ್ವ ಅನ್ನೋ ಘಟಕನ ನಮ್ ಬಿ.ಎಡ್‌ನಲ್ಲಿ ಬಹಳ ಜನ ಕೊನೇಗೆ ನೋಡ್ಕೊಳ್ಳೋಣ ಅಂತ ಬಿಟ್ಟುಬಿಡ್ತಾರೆ, ಉತ್ತಮ ನಾಯಕನ ಗುಣಗಳು ಅಂತ ಒಂದ್ ಹತ್ತು ಪಾಯಿಂಟ್ ಬಾಯಿಪಾಠ ಮಾಡಿದ್ರೆ ಸಾಕು ಅಂತ. ಆದ್ರೆ ಇಲ್ಲಿರೋ ನಿಜವಾದ ಪ್ರಶ್ನೆ ಬೇರೆನೇ ಇದೆ. ಮುಖ್ಯ ಶಿಕ್ಷಕರು, ಅಂದ್ರೆ ಎಚ್‌ಎಂ, ಕ್ಲಾಸಿಗೆ ಹೋಗಿ ಪಾಠ ಮಾಡೋದು ವಾರಕ್ಕೆ ಕೆಲವೇ ಪಿರಿಯಡ್, ಹಂಗಿದ್ಮೇಲೆ ಹತ್ತನೇ ಕ್ಲಾಸಿನ ಮಗು ಗಣಿತ ಚೆನ್ನಾಗಿ ಕಲಿಯೋದಕ್ಕೂ ಅವರಿಗೂ ಏನ್ ಸಂಬಂಧ, ಆ ಸಂಬಂಧ ಎಲ್ಲಿಂದ ಹರಿದು ಬರುತ್ತೆ? ಇದಕ್ಕೆ ಐವತ್ತು ವರ್ಷದಿಂದ ಸಂಶೋಧನೆ ನಡೀತಾ ಇದೆ, ಓದ್ತಾ ಹೋದ್ರೆ ನಮ್ ಶಾಲೆಗಳೇ ಕಣ್ಮುಂದೆ ಬರ್ತವೆ.

ಮೊದ್ಲು ಸಾಧನೆ ಅಂದ್ರೆ ಯಾವ್ದನ್ನ ಅಳೀತಿದೀವಿ ಅಂತ ನೋಡ್ಕೊಳ್ಳಿ. ನಮ್ ಚಿತ್ರದುರ್ಗದ್ದೇ ತಗೊಳ್ಳಿ, 2023ರ ಎಸ್‌ಎಸ್‌ಎಲ್‌ಸಿಯಲ್ಲಿ 96.80 ಪರ್ಸೆಂಟ್ ಬಂದು ಇಡೀ ರಾಜ್ಯಕ್ಕೆ ಫಸ್ಟ್. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದ್ರೆ ಕ್ಯಾಮೆರಾ ಇಟ್ಟು ದೂರದಿಂದ ನೇರವಾಗಿ ನೋಡೋ ವ್ಯವಸ್ಥೆ ಬಂತು, ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳೀತು, ಅದೂ ಗ್ರೇಸ್ ಮಾರ್ಕ್ಸ್ 10ರಿಂದ 20 ಪರ್ಸೆಂಟಿಗೆ ಏರಿಸಿದ ಮೇಲೂ, ನಮ್ ಜಿಲ್ಲೆ 20ನೇ ಸ್ಥಾನಕ್ಕಿಂತಲೂ ಕೆಳಗೆ ಹೋಯ್ತು. ಒಂದೇ ವರ್ಷದಲ್ಲಿ ಜಿಲ್ಲೆಯ ಎಚ್‌ಎಂಗಳೆಲ್ಲ ನಾಯಕತ್ವ ಮರೆತುಬಿಟ್ರಾ? ಖಂಡಿತ ಇಲ್ಲ, ಹೆಚ್ಚುಕಮ್ಮಿ ಅವರೇ ಎಚ್‌ಎಂ, ಅವರೇ ಮೇಷ್ಟ್ರು. ಓದಿ ಬರೆದ ಮಕ್ಕಳ ಶ್ರಮ ಎರಡೂ ವರ್ಷ ಸುಳ್ಳಲ್ಲ, ಆದ್ರೆ ಪಾಸ್ ಪರ್ಸೆಂಟೇಜ್ ಅನ್ನೋದು ಪರೀಕ್ಷೆ ನಡೆಸೋ ರೀತಿ, ಗ್ರೇಸ್, ಪ್ರಶ್ನೆಪತ್ರಿಕೆ ಇವೆಲ್ಲದರ ಜೊತೆ ಏರಿಳಿಯುತ್ತೆ. ಅದೊಂದನ್ನೇ ಹಿಡ್ಕೊಂಡು ಈ ಎಚ್‌ಎಂ ಒಳ್ಳೇವ್ರು ಆ ಎಚ್‌ಎಂ ಸರಿ ಇಲ್ಲ ಅಂತ ನೋಟೀಸ್ ಕೊಡೋದು ಅನ್ಯಾಯ ಅಂತಲೇ ನನ್ ಅಭಿಪ್ರಾಯ. ದಾವಣಗೆರೆ ಸಿಟೀಲಿ ಇನ್ನೊಂದು ಸಮಸ್ಯೆ ನೋಡ್ಬಹುದು, ಎಂಟನೇ ಕ್ಲಾಸಿಗೆ ಸೇರಿಸ್ಕೊಳ್ಳೋವಾಗಲೇ ಟೆಸ್ಟ್ ಮಾಡಿ ಆರಿಸಿಕೊಳ್ಳೋ ಖಾಸಗಿ ಶಾಲೆಗೂ, ಬಂದ ಮಕ್ಕಳನ್ನೆಲ್ಲ ಸೇರಿಸ್ಕೊಳ್ಳೋ ಜಗಳೂರು ಕಡೆಯ ಸರ್ಕಾರಿ ಪ್ರೌಢಶಾಲೆಗೂ ರಿಸಲ್ಟ್ ಹೋಲಿಸಿದ್ರೆ ಗೊತ್ತಾಗೋದು ಯಾವ ಮಕ್ಕಳು ಸೇರಿದ್ರು ಅನ್ನೋದೇ ಹೊರತು ಶಾಲೆ ಎಷ್ಟು ಕಲಿಸ್ತು ಅನ್ನೋದಲ್ಲ. ಅದಕ್ಕೇ ಸಂಶೋಧಕರು ಮಗು ಸೇರಿದಾಗ ಎಲ್ಲಿತ್ತು, ಈಗ ಎಲ್ಲಿದೆ, ಈ ಅಂತರವನ್ನ ನೋಡೋಕೆ ಪ್ರಯತ್ನ ಪಡೋದು.

ಇತಿಹಾಸ ಸಂಕ್ಷಿಪ್ತವಾಗಿ. ಅಮೆರಿಕದಲ್ಲಿ 1966ರ ಕೋಲ್ಮನ್ ವರದಿ, ಮಕ್ಕಳ ಸಾಧನೇಲಿ ಕುಟುಂಬದ ಹಿನ್ನೆಲೆಯದ್ದೇ ದೊಡ್ಡ ಪಾಲು ಅಂತ ತೋರಿಸ್ತು, ಹಂಗಾದ್ರೆ ಶಾಲೆ ಮಾಡೋಕೆ ಏನೂ ಇಲ್ವಾ ಅಂತ ನಿರಾಸೆ ಹುಟ್ತು. ರೊನಾಲ್ಡ್ ಎಡ್ಮಂಡ್ಸ್ 1979ರಲ್ಲಿ ಬಡ ಮಕ್ಕಳೂ ಚೆನ್ನಾಗಿ ಕಲಿಯೋ ಶಾಲೆಗಳಲ್ಲಿ ಏನೇನಿದೆ ಅಂತ ಬರೆದಾಗ ಗಟ್ಟಿ ನಾಯಕತ್ವ ಅನ್ನೋದನ್ನ ಮುಂದಿಟ್ರು. ಆಮೇಲೆ ಹ್ಯಾಲಿಂಜರ್ ಮತ್ತು ಹೆಕ್ 1998ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಪ್ರಭಾವ ಇದೆ, ಸಣ್ಣದು, ಆದ್ರೆ ಕಡೆಗಣಿಸೋ ಹಂಗಿಲ್ಲ, ಮತ್ತೆ ಅದು ಬಹುಪಾಲು ಪರೋಕ್ಷ ಅಂದ್ರು. ಪರೋಕ್ಷ ಅನ್ನೋದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ, ಯಾಕಂದ್ರೆ ಇಡೀ ಘಟಕದ ಬೇರು ಅಲ್ಲೇ ಇರೋದು: ಎಚ್‌ಎಂ ಮಾಡೋ ಕೆಲಸ ಮೇಷ್ಟ್ರ ಪಾಠಕ್ಕೆ ಇಳಿದ್ರೆ ಮಾತ್ರ ಅದು ಮಗುವಿಗೆ ಮುಟ್ಟುತ್ತೆ. 2004ರಲ್ಲಿ ಲೀತ್‌ವುಡ್ ತಂಡ, ಶಾಲೆಯೊಳಗಿನ ಅಂಶಗಳಲ್ಲಿ ತರಗತಿ ಬೋಧನೆ ಬಿಟ್ರೆ ನಾಯಕತ್ವಕ್ಕೇ ಎರಡನೇ ಸ್ಥಾನ ಅಂತ ಹೇಳಿದ್ದೂ ಇದೇ ಅರ್ಥದಲ್ಲಿ.

ಈಗ ಮುಖ್ಯವಾದ ಅಧ್ಯಯನ. ನ್ಯೂಜಿಲೆಂಡ್‌ನ ವಿವಿಯಾನ್ ರಾಬಿನ್ಸನ್ ಮತ್ತು ಜೊತೆಗಾರರು 2008ರಲ್ಲಿ ಎರಡು ಬಗೆಯ ನಾಯಕತ್ವ ಹೋಲಿಸಿದ್ರು. ಒಂದು ಪರಿವರ್ತನಾತ್ಮಕ ನಾಯಕತ್ವ, ಅಂದ್ರೆ ಸಿಬ್ಬಂದಿಗೆ ಸ್ಫೂರ್ತಿ ತುಂಬೋದು, ದೊಡ್ಡ ಕನಸು ಕೊಡೋದು. ಇನ್ನೊಂದು ಬೋಧನಾ ನಾಯಕತ್ವ, ಅಂದ್ರೆ ಪಾಠ, ಪಠ್ಯ, ಮೌಲ್ಯಮಾಪನ ಇದರೊಳಗೇ ಕೈಹಾಕೋದು. ಮಕ್ಕಳ ಕಲಿಕೆ ಮೇಲೆ ಮೊದಲನೇದರ ಎಫೆಕ್ಟ್ ಸೈಜ್ 0.11, ಎರಡನೇದರದ್ದು 0.42. ಎಫೆಕ್ಟ್ ಸೈಜ್ ಅಂದ್ರೆ ಗಾಬರಿ ಬೇಡ, ಒಂದು ಪರೀಕ್ಷೇಲಿ ಮಕ್ಕಳ ಅಂಕಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) 15 ಇದೆ ಅಂದ್ಕೊಳ್ಳಿ, 0.42 ಅಂದ್ರೆ ಸರಾಸರಿ ಆರು ಅಂಕದಷ್ಟು ವ್ಯತ್ಯಾಸ, 0.11 ಅಂದ್ರೆ ಎರಡಕ್ಕಿಂತಲೂ ಕಡಿಮೆ. ಆಮೇಲೆ ಎಚ್‌ಎಂಗಳು ಮಾಡೋ ಕೆಲಸಗಳನ್ನ ಐದು ಗುಂಪು ಮಾಡಿ ನೋಡಿದ್ರು, ಶಿಸ್ತಿನ ವಾತಾವರಣ 0.27, ಸಂಪನ್ಮೂಲ ಸರಿಯಾದ ಕಡೆ ಹಾಕೋದು 0.31, ಗುರಿ ಇಟ್ಕೊಳ್ಳೋದು 0.42, ಬೋಧನೆಯ ಯೋಜನೆ ಮತ್ತು ಪರಿಶೀಲನೆ 0.42, ಶಿಕ್ಷಕರ ಕಲಿಕೆಯನ್ನ ಬೆಳೆಸಿ ತಾನೂ ಅದರಲ್ಲಿ ಭಾಗವಹಿಸೋದು 0.84. ಕೊನೇದು ನೋಡಿ, ಶಿಸ್ತಿನ ಮೂರು ಪಟ್ಟು ಇದೆ. ಟ್ರೇನಿಂಗಿಗೆ ಮೇಷ್ಟ್ರನ್ನ ಕಳಿಸಿಕೊಡೋದಷ್ಟೇ ಅಲ್ಲ, ಎಚ್‌ಎಂ ತಾವೂ ಜೊತೇಲಿ ಕೂತು ಕಲಿಯೋದು ಇದರಲ್ಲಿ ಬರುತ್ತೆ.

ಇದು ಹೆಂಗಿರುತ್ತೆ ಅಂತ ನಂಗೆ ಅರ್ಥ ಆಗಿದ್ದು ಇಂಟರ್ನ್‌ಶಿಪ್‌ನಲ್ಲಿ, ಚಳ್ಳಕೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಚ್‌ಎಂ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಕಟ್ಟು ತಂದು ಸ್ಟಾಫ್‌ರೂಮ್ ಟೇಬಲ್ ಮೇಲೆ ಬಿಚ್ಚಿದ್ರು. ಥೇಲ್ಸ್ ಪ್ರಮೇಯನ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಅಚ್ಚುಕಟ್ಟಾಗಿ ಬರೆದ ಮಕ್ಕಳು ಬಹಳ ಇದ್ರು, ಅದೇ ಮಕ್ಕಳು ಇನ್ನೊಂದು ಪುಟದಲ್ಲಿ ತ್ರಿಭುಜದೊಳಗೆ ಒಂದು ಸಮಾಂತರ ರೇಖೆ ಎಳೆದು 1.5, 3, 1 ಅಂತ ಮೂರು ಅಳತೆ ಕೊಟ್ಟು ನಾಲ್ಕನೇದು ಕೇಳಿದ್ರೆ ಖಾಲಿ ಬಿಟ್ಟಿದ್ರು. ಪಾಸಾಗೋಕೆ ಇಷ್ಟು ಸಾಕು ಅಂತ ಆರಿಸಿಟ್ಟ ಪಾಸಿಂಗ್ ಪ್ಯಾಕೇಜ್ ಹೆಸರಲ್ಲಿ ಪ್ರಮೇಯನ ಬಾಯಿಪಾಠ ಮಾಡಿಸಿದ್ದರ ಫಲ ಅದು. ವಿಜ್ಞಾನದ ಮೇಡಂ ಹೇಳಿದ್ರು, ಮಸೂರದ ಸೂತ್ರದಲ್ಲೂ ಇದೇ ಕತೆ ಸಾರ್, ಸೂತ್ರ ಬರೀತಾರೆ, ಚಿಹ್ನೆ ಹಾಕೋದ್ರಲ್ಲಿ ಕೈಬಿಡ್ತಾರೆ. ಎಚ್‌ಎಂ ಯಾರನ್ನೂ ಬೈಲಿಲ್ಲ. ಚಿತ್ರ ಮೊದಲು, ಪ್ರಮೇಯ ಆಮೇಲೆ ಅಂತ ಪಾಠದ ಕ್ರಮ ತಿರುಗಿಸೋಣ ಅಂತ ಮಾತಾಯ್ತು, ಎಚ್‌ಎಂ ತಾವೇ ಒಂಬತ್ತನೇ ಕ್ಲಾಸಿಗೆ ಹಂಗೆ ಪಾಠ ಮಾಡಿ, ಹೊಸಾ ಗಣಿತ ಮೇಷ್ಟ್ರನ್ನ ಹಿಂದಿನ ಬೆಂಚಲ್ಲಿ ಕೂರಿಸಿ, ನನ್ ಪಾಠ ಎಲ್ಲಿ ಸಡಿಲ ಆಯ್ತು ಬರ್ಕೊಳಪ್ಪಾ ಅಂದ್ರು. ಹೊಸಬರಿಗೆ ಸಲಹೆ ಕೊಡೋಕೆ ಮುಂಚೆ ತಮ್ಮ ಪಾಠನೇ ಪರೀಕ್ಷೆಗೆ ಒಡ್ಡಿದ್ರು. ಶೇಂಗಾ ಕೀಳೋ ಕಾಲದಲ್ಲಿ ಹಾಜರಾತಿ ಬಿದ್ದಾಗ ಇದೇ ಎಚ್‌ಎಂ ಮನೆಮನೆಗೆ ಹೋಗ್ತಾರೆ ಅಂತಲೂ ಕೇಳಿದೆ, ಅದೂ ಬೇಕೇ ಬೇಕು, ಮಗು ಶಾಲೇಲಿ ಇಲ್ದೇ ಇದ್ರೆ ಯಾವ ನಾಯಕತ್ವವೂ ಮುಟ್ಟಲ್ಲ.

ಒಂದು ಎಚ್ಚರಿಕೆ. 0.84 ಅನ್ನೋದನ್ನ ಬರೆದು, ಆದ್ದರಿಂದ ಎಚ್‌ಎಂ ಹೀಗೆ ಮಾಡಿದ್ರೆ ಅಂಕ ಇಷ್ಟು ಏರುತ್ತೆ ಅಂತ ತೀರ್ಮಾನ ಬರೀಬೇಡಿ. ಈ ಅಧ್ಯಯನಗಳಲ್ಲಿ ಹೆಚ್ಚಿನವು ಸಹಸಂಬಂಧದವು, ಅಂದ್ರೆ ಎರಡು ವಿಷಯ ಜೊತೆಜೊತೆಗೆ ಇರೋದನ್ನ ತೋರಿಸ್ತವೆ, ಯಾವ್ದು ಯಾವ್ದಕ್ಕೆ ಕಾರಣ ಅಂತ ಹೇಳಲ್ಲ, ಮೊದಲೇ ಚೆನ್ನಾಗಿರೋ ಶಾಲೇಲಿ ಎಚ್‌ಎಂಗೆ ಮೇಷ್ಟ್ರ ಜೊತೆ ಕೂರೋಕೆ ಪುರುಸೊತ್ತು ಸಿಗುತ್ತೆ ಅನ್ನೋದೂ ಇರ್ಬಹುದಲ್ವಾ. ಹೈಸ್ಕೂಲುಗಳನ್ನೇ ನೋಡಿದ ಒಂದು ದೊಡ್ಡ ಅಧ್ಯಯನ ಬ್ಲೂಮ್, ಲೆಮೋಸ್, ಸದುನ್, ವಾನ್ ರೀನನ್ ಅವರದ್ದು, 2015, ಭಾರತವೂ ಸೇರಿ 8 ದೇಶಗಳ 1,800ಕ್ಕೂ ಹೆಚ್ಚು ಶಾಲೆ. ನಿರ್ವಹಣೆಯ ಗುಣಮಟ್ಟ ಚೆನ್ನಾಗಿರೋ ಕಡೆ ಮಕ್ಕಳ ಫಲಿತಾಂಶವೂ ಚೆನ್ನಾಗಿತ್ತು, ಆ 8 ದೇಶಗಳಲ್ಲಿ ಭಾರತದ ನಿರ್ವಹಣಾ ಅಂಕವೇ ಅತಿ ಕಡಿಮೆ. ಓದಿದಾಗ ಬೇಜಾರಾಗುತ್ತೆ, ಆದ್ರೆ ಸುಧಾರಿಸೋಕೆ ಜಾಗ ಎಲ್ಲಿದೆ ಅಂತಲೂ ಅದೇ ತೋರಿಸುತ್ತೆ.

ಕ್ಲಾಸ್ ರೌಂಡ್ಸ್ ಬಗ್ಗೆ ಬೇರೆಯಾಗೇ ಹೇಳ್ಬೇಕು, ನಮ್ಮಲ್ಲಿ ಕಾರಿಡಾರಲ್ಲಿ ಓಡಾಡೋ ಎಚ್‌ಎಂ ಅಂದ್ರೆ ಸ್ಟ್ರಿಕ್ಟ್, ಒಳ್ಳೇ ಎಚ್‌ಎಂ ಅನ್ನೋ ನಂಬಿಕೆ ಇದೆ. ಗ್ರಿಸಮ್, ಲೋಬ್, ಮಾಸ್ಟರ್ ಮೂವರು 2013ರಲ್ಲಿ ಮಯಾಮಿ ಶಾಲೆಗಳ ಪ್ರಾಂಶುಪಾಲರ ಹಿಂದೆ ದಿನವಿಡೀ ಜನ ಇಟ್ಟು ಸಮಯ ಬರ್ಕೊಂಡ್ರು. ಮೇಷ್ಟ್ರಿಗೆ ಹತ್ತಿರ ಕೂತು ತರಬೇತಿ ಕೊಡೋಕೆ ಕಳೆದ ಸಮಯ ಹೆಚ್ಚಿದ್ದಲ್ಲಿ ಮಕ್ಕಳ ಕಲಿಕೆ ಮೇಲಿತ್ತು, ಸುಮ್ಮನೆ ಕ್ಲಾಸಿಗೆ ಇಣುಕಿ ಹೋಗೋದು ಜಾಸ್ತಿ ಇದ್ದಲ್ಲಿ ಕೆಳಗಿತ್ತು, ಅದರಲ್ಲೂ ಹೈಸ್ಕೂಲುಗಳಲ್ಲಿ. ಇಣುಕೋದೇ ಕೆಟ್ಟದ್ದು ಅಂತಲ್ಲ, ಇಣುಕಿದ ಮೇಲೆ ಮೇಷ್ಟ್ರ ಜೊತೆ ಮಾತೇ ಆಗ್ಲಿಲ್ಲ ಅಂದ್ರೆ ಅದರಿಂದ ಪಾಠ ಬದಲಾಗೋಕೆ ದಾರಿ ಇಲ್ಲ.

ಕಾಗದದ ಮೇಲೆ ಮಾತ್ರ ನಡೆದ ಸುಧಾರಣೆಗೆ ಉದಾಹರಣೆ ಬೇಕಂದ್ರೆ ಮಧ್ಯಪ್ರದೇಶ ನೋಡಿ. ಅಲ್ಲಿ ಶಾಲೆಗಳ ಮೌಲ್ಯಾಂಕನ ಮಾಡಿ, ಪ್ರತಿ ಶಾಲೆಗೂ ಸುಧಾರಣಾ ಯೋಜನೆ ಬರೆಸಿದ್ರು. ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ 2020ರಲ್ಲಿ ಅದರ ಪ್ರಯೋಗಾತ್ಮಕ ಅಧ್ಯಯನ ಹೊರತಂದ್ರು: ಯೋಜನೆಗಳು ಬರೆದಾಗಿತ್ತು, ಮೇಷ್ಟ್ರ ಪಾಠವೂ ಬದಲಾಗಿರ್ಲಿಲ್ಲ, ಮಕ್ಕಳ ಕಲಿಕೆಯೂ ಬದಲಾಗಿರ್ಲಿಲ್ಲ. ಪರೋಕ್ಷ ಅಂತ ಮೇಲೆ ಅಂಡರ್‌ಲೈನ್ ಮಾಡಿದ್ರಲ್ಲ, ಆ ಕೊಂಡಿ ಕಡಿದುಹೋದ್ರೆ ಹಿಂಗಾಗುತ್ತೆ.

ನಮ್ ಎಚ್‌ಎಂಗಳ ದಿನ ಹೋಗೋದು ಎಲ್ಲಿಗೆ ಅಂತ ನೋಡಿದ್ರೆ ಯಾರ ಮೇಲೂ ಕೋಪ ಬರಲ್ಲ. ಎಸ್‌ಎಟಿಎಸ್ (ಮಕ್ಕಳ ಮಾಹಿತಿ ತುಂಬೋ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಬಿಸಿಯೂಟದ ಅಕ್ಕಿ ಬೇಳೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಸ್ಕಾಲರ್‌ಶಿಪ್ ಅರ್ಜಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮೀಟಿಂಗ್, ಸಂಜೆ ಆರಕ್ಕೆ ವಾಟ್ಸಾಪಲ್ಲಿ ತುರ್ತು ಮಾಹಿತಿ ಅಂತ ಒಂದು ಫಾರಂ. ಎಷ್ಟೋ ಕಡೆ ಹುದ್ದೆ ಖಾಲಿ ಇದ್ದು ಹಿರಿಯ ಸಹಶಿಕ್ಷಕರೊಬ್ಬರು ಪ್ರಭಾರಿ, ಅವರಿಗೆ ತಮ್ಮ ವಿಷಯದ ಪೂರ್ತಿ ಪಿರಿಯಡ್‌ಗಳೂ ಇರ್ತವೆ. ದೆಹಲಿಯ ನೀಪಾ ಅನ್ನೋ ರಾಷ್ಟ್ರೀಯ ಶಿಕ್ಷಣ ಯೋಜನಾ ಸಂಸ್ಥೇಲಿ 2012ರಿಂದ ಶಾಲಾ ನಾಯಕತ್ವಕ್ಕಂತಲೇ ರಾಷ್ಟ್ರೀಯ ಕೇಂದ್ರ ಇದೆ, ತರಬೇತಿ ಮಾಡ್ಯೂಲ್‌ಗಳಿವೆ, ಆದ್ರೆ ತರಬೇತಿ ಮುಗಿಸಿ ಬಂದವರಿಗೆ ವಾರಕ್ಕೆ ಎರಡು ಗಂಟೆ ಬಿಡುವು ಕೊಡದೇ ಇದ್ರೆ ಕಲಿತಿದ್ದನ್ನ ಯಾವಾಗ ಮಾಡ್ಬೇಕು? ಕ್ಲರ್ಕ್ ಹುದ್ದೆ ತುಂಬೋದು ಕೂಡ ಮಕ್ಕಳ ಕಲಿಕೆಯ ವಿಷಯವೇ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಇಲ್ಲೇ ಹಂಚಿಕೆಯ ನಾಯಕತ್ವ ಅನ್ನೋ ಪರಿಕಲ್ಪನೆ ಕೆಲಸಕ್ಕೆ ಬರೋದು. ನಾಯಕತ್ವ ಅಂದ್ರೆ ಒಂದು ಕುರ್ಚಿ ಅಂತ ತಗೊಳ್ಳದೇ, ಶಾಲೆಯ ಹಲವರು ಹಂಚ್ಕೊಂಡು ಮಾಡೋ ಕೆಲಸ ಅಂತ ನೋಡೋದು. ನಾನಿದ್ದ ಶಾಲೇಲೇ ಒಂದ್ ಶನಿವಾರ ಎಚ್‌ಎಂ ತಾಲ್ಲೂಕು ಮೀಟಿಂಗಿಗೆ ಹೋಗಿದ್ರು, ಅವತ್ತು ಕನ್ನಡ ಮೇಡಂ ಉತ್ತರಪತ್ರಿಕೆ ಕಟ್ಟು ಬಿಚ್ಚಿ, ಪತ್ರಲೇಖನದಲ್ಲಿ ಮಕ್ಕಳು ವಿಳಾಸ ಸರಿ ಬರೆದು ವಿಷಯದಲ್ಲಿ ಎರಡೇ ಸಾಲಿಗೆ ನಿಲ್ಲಿಸ್ತಿದಾರೆ ಯಾಕೆ ಅಂತ ಕೇಳಿದ್ರು, ಸಮಾಜ ವಿಜ್ಞಾನದ ಮೇಷ್ಟ್ರು ತಮ್ಮ ಪತ್ರಿಕೆಗಳನ್ನೂ ತಂದು ಪಕ್ಕಕ್ಕಿಟ್ರು, ಸಭೆ ಎಂದಿನಂಗೇ ನಡೀತು.